ತಾತನ ಟ್ರಂಕಿನಲ್ಲಿ ಫಾರಂ ನಂ. 7ರ ರಸೀದಿ ಸಿಕ್ಕಿದೆ. ಇದಕ್ಕೆ ಈಗ ಬೆಲೆ ಇದೆಯಾ?

ಗಡಿಊರಿನವನು:

ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನು, ನಮ್ಮೂರು ಆಂಧ್ರದ ಗಡಿಗೆ ಹತ್ತಿರ. ತಾಲ್ಲೂಕಿನ ಹೆಸರು ಬೇಡ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಯೋಣ ಅಂತ ಅಟ್ಟದ ಮೇಲಿನ ತಗಡಿನ ಟ್ರಂಕು ಇಳಿಸಿದೆವು. ಒಳಗೆ ತಾತನ ಕಾಗದಗಳು. ಸೊಸೈಟಿ ಸಾಲದ ಪುಸ್ತಕ, ಎರಡು ತೆಲುಗು ಪಂಚಾಂಗ, ಯಾರದೋ ಲಗ್ನಪತ್ರಿಕೆ. ಇವುಗಳ ಮಧ್ಯೆ ಅಂಗೈಯಗಲದ ಒಂದು ರಸೀದಿ. ಮಡಿಸಿದ ಕಡೆ ಹರಿದಿದೆ. "ಫಾರಂ ನಂ. 7" ಅಂತ ಓದಬಹುದು, ಗೇಣಿದಾರರು ಉಳುವ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಹಾಕುತ್ತಿದ್ದ ಅರ್ಜಿಯಂತೆ. ಸರ್ವೆ ನಂಬರ್ ಇದೆ, 2 ಎಕರೆ 14 ಗುಂಟೆ ಅಂತ ಇದೆ, 1975 ಅಂತ ಇದೆ. ಮೊಹರು ಅರ್ಧ ಅಳಿಸಿದೆ.

ಆ ಜಮೀನನ್ನು ಈಗಲೂ ನಾವೇ ಉಳುತ್ತಿದ್ದೇವೆ. ತಾತ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಮಾಡುತ್ತಿದ್ದರು. ಕಣದಲ್ಲೇ ರಾಗಿ ಅಳೆದು ಅರ್ಧ ದೊಡ್ಡಮನೆಗೆ ಹೋಗುತ್ತಿತ್ತು. ಅಪ್ಪನ ಕಾಲಕ್ಕೆ ದೊಡ್ಡಮನೆಯವರು ಬೆಂಗಳೂರು ಸೇರಿದರು. ಆಮೇಲೆ ವರ್ಷಕ್ಕೆ ನಾಲ್ಕು ಮೂಟೆ ರಾಗಿ, ಒಂದು ಮೂಟೆ ಕಡಲೆಕಾಯಿ ಅಂತಾಯ್ತು. ಈಚೆಗೆ ಅದೂ ಇಲ್ಲ. ಯುಗಾದಿ ಹೊತ್ತಿಗೆ ಒಂದಿಷ್ಟು ದುಡ್ಡು ಕವರಿನಲ್ಲಿ ಹಾಕಿ ಕೊಟ್ಟು ಬರುತ್ತೇವೆ, ಅಷ್ಟೆ. ಪಹಣಿಯಲ್ಲಿ ಮಾಲೀಕರನ್ನು ಬರೆಯುವ 9ನೇ ಕಾಲಂನಲ್ಲಿ ಅವರ ಹೆಸರು. ಉಳುವವರನ್ನು ಬರೆಯುವ 12ನೇ ಕಾಲಂನಲ್ಲೂ ಅವರದೇ, "ಸ್ವಂತ" ಅಂತ.

ಈಗ ಅವರ ಮೊಮ್ಮಕ್ಕಳು ಸರ್ವೆಯವರನ್ನು ಕರೆತಂದು ಕಲ್ಲು ನೆಟ್ಟು ಹೋದರು. ಮಾರುತ್ತಾರಂತೆ. ಯಾಕೆ ಅಂತ ಕೇಳಿದ್ದಕ್ಕೆ, "ನಿಮ್ಮ ತಾತ ನಮ್ಮನೇಲಿ ಆಳಾಗಿದ್ದ. ಪಾಪ ಅಂತ ಬಿಟ್ಟುಕೊಟ್ಟಿದ್ದು" ಅಂದರು.

ಅಜ್ಜಿಗೆ 88. ಕೇಳಿದರೆ ಇಷ್ಟೇ ಹೇಳುತ್ತಾರೆ: "ಅರ್ಜಿ ಹಾಕಿದ ಮೇಲೆ ದೊಡ್ಡಮನೆಯವರು ಮಾತು ಬಿಟ್ರು. ಆಮೇಲೆ ಒಂದು ದಿನ ಕರೆದು ಹೊಸ ಪಂಚೆ ಕೊಟ್ರು. ಅಲ್ಲಿಂದ ಅರ್ಜಿ ಮಾತು ಯಾರೂ ಎತ್ತಲಿಲ್ಲ." ತಾತ ವಿಚಾರಣೆಗೆ ತಾಲ್ಲೂಕು ಕಚೇರಿಗೆ ಹೋಗಿದ್ದರಾ ಅಂದೆ. "ಎಲ್ಲಿ ಹೋದ್ರು? ನನಗೆ ಹೇಳದೆ ಅವರು ಸಂತೆಗೂ ಹೋಗ್ತಿರಲಿಲ್ಲ."

ಈ ರಸೀದಿ ಇಟ್ಟುಕೊಂಡು ಏನಾದರೂ ಮಾಡಬಹುದಾ? ಇಲ್ಲ ಅಂದರೆ ಈಗ ಹೊಸದಾಗಿ ಫಾರಂ 7 ಹಾಕಬಹುದಾ?

ಮಾವಿನತೋಪು:

ತಮ್ಮಾ, ಬೇಜಾರು ಮಾಡ್ಕೋಬೇಡ. 50 ವರ್ಷದ ಹಿಂದಿನ ಚೀಟಿ ಇಟ್ಟುಕೊಂಡು ಕೋರ್ಟು ಹತ್ತಿದರೆ ಇರೋ ಹಸುನೂ ಮಾರಬೇಕಾಗುತ್ತೆ. ಊರ ಹಿರಿಯರನ್ನು ಕೂರಿಸಿ ಒಂದಷ್ಟು ದುಡ್ಡಿಗೆ ಒಪ್ಪಿಸಿ ಎದ್ದು ಬಾ. ನಮ್ಮ ಶ್ರೀನಿವಾಸಪುರದ ಕಡೆ ಹೀಗೇ ಅಲೆದವರನ್ನು ನೋಡಿದ್ದೀನಿ.

ನಿವೃತ್ತ ವಿಎ:

ಮೇಲಿನವರು ಹೇಳಿದ್ದು ಅನುಭವದ ಮಾತೇ. ಆದರೆ ದುಡ್ಡು ತಗೊಂಡು ಏಳೋದಕ್ಕೆ ಮುಂಚೆ ನಿಮ್ಮ ಕೈಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿರಬೇಕಲ್ಲವಾ?

ನಾನು ಹಳೆಯ ಕೋಲಾರ ಜಿಲ್ಲೆಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದೆ, ಈಗ ಮುಳಬಾಗಿಲಿನಲ್ಲಿದ್ದೇನೆ. ಶಾನುಭೋಗರ ಕಾಲ ಮುಗಿದ ಮೇಲೆ ಬಂದ ಪೀಳಿಗೆ ನಮ್ಮದು, ಆದರೂ ಊರಿನವರು ಕೊನೆಯವರೆಗೂ ಶಾನುಭೋಗರೇ ಅಂತಲೇ ಕೂಗಿದರು. ಕೆಲಸಕ್ಕೆ ಸೇರಿದ್ದು 1978ರಲ್ಲಿ. 1979ರ ಜೂನ್ 30 ಫಾರಂ 7ಕ್ಕೆ ಕೊನೆಯ ದಿನ. ಕಚೇರಿ ಮುಂದೆ ಜನ ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸುಲಭ: ಹೊಸದಾಗಿ ಹಾಕಲು ಬರುವುದಿಲ್ಲ. ಆಗ ಹಾಕದೆ ಉಳಿದವರಿಗೆ ಅಂತ 1998ರಲ್ಲಿ ಭೂಸುಧಾರಣಾ ಕಾಯ್ದೆಯ 77ಎ ಕಲಂ ಜಾರಿಗೆ ಬಂತು, ಅದಕ್ಕೆ ನಮೂನೆ 7ಎ ಇತ್ತು. ಅದರ ಬಾಗಿಲೂ ಎಂದೋ ಮುಚ್ಚಿದೆ.

ಆದರೆ ನಿಮ್ಮ ತಾತ ಹಾಕಿದ್ದಾರೆ. ಅಲ್ಲೇ ಇರೋದು ವಿಷಯ.

ಆ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿ. ಆವತ್ತು ಗೇಣಿಯಲ್ಲಿದ್ದ ಜಮೀನು ಮಾಲೀಕನ ಕೈಬಿಟ್ಟು ಸರ್ಕಾರಕ್ಕೆ ಸೇರಿತು, 44ನೇ ಕಲಂ. ಗೇಣಿದಾರ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ, ಒಪ್ಪಿದರೆ ಅವನ ಹೆಸರಿಗೆ ಆಗುತ್ತಿತ್ತು. ಆಮೇಲೆ ನಮೂನೆ 10 ಅಂತ ಪ್ರಮಾಣಪತ್ರ. ನಿಮ್ಮ ರಸೀದಿ ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿ ಮಾತ್ರ. ಹಕ್ಕು ಕೊಡುವುದು ಆದೇಶ. ಆದ್ದರಿಂದ ಮೊದಲು ಆ ಫೈಲು ಏನಾಯ್ತು ಅಂತ ಹುಡುಕಿ. ಆದೇಶವೇ ಆಗದೆ ಬಿದ್ದಿದ್ದರೆ ಅರ್ಜಿಗೆ ಇನ್ನೂ ಜೀವ ಇದೆ, ವಾರಸುದಾರರಾಗಿ ನೀವು ಮುಂದುವರಿಸಬಹುದು. ವಜಾ ಆಗಿದ್ದರೆ ಹೈಕೋರ್ಟಿನಲ್ಲಿ ರಿಟ್, ಮತ್ತು ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅನ್ನೋ ಪ್ರಶ್ನೆಗೆ ನಂಬುವಂಥ ಉತ್ತರ ಬೇಕು. ಅಪರೂಪಕ್ಕೆ ಮಂಜೂರಾಗಿಯೂ ಪಹಣಿಗೆ ಏರದೆ ಉಳಿದದ್ದುಂಟು. ನಾನೇ ಅಂಥ ಎರಡು ಕಂಡಿದ್ದೇನೆ.

ರಸೀದಿಯ ಮೇಲೆ ಎಲ್‌ಆರ್‌ಎಫ್ ಅಂತ ಶುರುವಾಗುವ ಕೇಸ್ ನಂಬರ್ ಇದೆಯಾ ನೋಡಿ, ಭೂತಗನ್ನಡಿ ಹಿಡಿದಾದರೂ. ಅದಿದ್ದರೆ ರೆಕಾರ್ಡ್ ರೂಮಿನಲ್ಲಿ ಹುಡುಕಾಟ ಅರ್ಧ ಮುಗಿದಂತೆ. ಸಿಗಲಿಲ್ಲ ಅಂದರೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೇಳಿ, ಮಂಡಳಿಗೆ ಅಧ್ಯಕ್ಷರು ಅವರೇ. ನಿಮ್ಮ ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರೆಯಾಯಿತು, ಅದೂ ನೆನಪಿರಲಿ. ಈಗ "ಭೂ ಸುರಕ್ಷಾ" ಅಂತ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮದು ಅದರಲ್ಲಿದ್ದರೂ ಇರಬಹುದು.

ಜೊತೆಗೆ 1968-69ರಿಂದ 1974-75ರವರೆಗಿನ ಕೈಬರಹದ ಪಹಣಿ ನಕಲು ತೆಗೆಸಿ. ಕಂಪ್ಯೂಟರ್ ಪಹಣಿ ನೋಡಿ ಕಣ್ಣೀರು ಹಾಕಬೇಡಿ. ನಿಮ್ಮ ಪ್ರಶ್ನೆ 1974ರ ಮಾರ್ಚ್‌ನದು, ಈಗಿನದಲ್ಲ. ಆ ವರ್ಷಗಳ 12ನೇ ಕಾಲಂನಲ್ಲಿ ಯಾರ ಹೆಸರಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಇನ್ನು "ಆಳಾಗಿದ್ದ" ಅನ್ನೋ ಮಾತು. ಅದನ್ನು ಅವಮಾನ ಅಂತ ಮಾತ್ರ ತಗೋಬೇಡಿ. ಅವರಿಗೆ ಯಾರೋ ವಕೀಲರು ಹೇಳಿಕೊಟ್ಟಿದ್ದಾರೆ. ಕಾಯ್ದೆಯ 4ನೇ ಕಲಂ ಪ್ರಕಾರ, ಮಾಲೀಕನ ಉಸ್ತುವಾರಿಯಲ್ಲಿ ದುಡ್ಡಿಗೋ ಕಾಳಿಗೋ ಕೂಲಿ ಮಾಡುವವನು ಗೇಣಿದಾರನಲ್ಲ. ಆದರೆ ಬೆಳೆಯಲ್ಲಿ ಪಾಲು ಪಡೆಯುವವನನ್ನು ಆ ಸಾಲಿಗೆ ಸೇರಿಸಲು ಬರುವುದಿಲ್ಲ, ಅದನ್ನೂ ಅಲ್ಲೇ ಬರೆದಿದ್ದಾರೆ. ಯೋಚನೆ ಮಾಡಿ ನೋಡಿ. ಆಳಿಗೆ ಮಾಲೀಕ ರಾಗಿ ಅಳೆದು ಕೊಡುತ್ತಾನೆ. ನಿಮ್ಮ ಕಣದಲ್ಲಿ ರಾಗಿ ಅಳೆದು ಕೊಟ್ಟವರು ಯಾರು? ಆಳೇ ಅಂತ ಹಟ ಹಿಡಿದರೆ, ಕೂಲಿ ಎಷ್ಟು ಕೊಟ್ಟಿರಿ ಅಂತ ಕೇಳಿ. ಕನಿಷ್ಠ ಕೂಲಿ ಕಾಯ್ದೆ 1948ರಿಂದಲೂ ಇತ್ತು, ಬೇಸಾಯದ ಕೂಲಿಗೂ ಅದು ಅನ್ವಯವಾಗುತ್ತಿತ್ತು. ಕೂಲಿ ಕೊಡದೆ ದುಡಿಸಿಕೊಂಡೆವು ಅಂದರೆ ಅದಕ್ಕೆ ಜೀತ ಅಂತಾರೆ, 1976ರಲ್ಲಿ ಅದನ್ನು ರದ್ದು ಮಾಡಿ ಕಾಯ್ದೆಯೇ ಬಂತು. ಆ ಬಾಯಿಮಾತನ್ನು ಅವರು ಕೋರ್ಟಿನಲ್ಲಿ ಆಡುವುದು ಅಷ್ಟು ಸುಲಭ ಇಲ್ಲ.

ಪಂಚೆ ವಿಷಯ ಓದಿ ಮನಸ್ಸಿಗೆ ಪಿಚ್ಚೆನಿಸಿತು. ಆ ಕಾಲದಲ್ಲಿ ನಡೆದದ್ದೇ ಹಾಗೆ. ಬಡವ ಅರ್ಜಿ ಹಾಕುತ್ತಿದ್ದ. ಒಂದು ದಿನ "ನಾನು ಗೇಣಿದಾರನಲ್ಲ, ಕೂಲಿಯವನು" ಅಂತ ಹೇಳಿಕೆ ಬರುತ್ತಿತ್ತು. ಅರ್ಜಿ ವಜಾ. ಮಂಡಳಿ ಮುಂದೆ ವಕೀಲರಿಗೆ ಶುರುವಿನಲ್ಲಿ ಅವಕಾಶವೇ ಇರಲಿಲ್ಲ, ಬಡವನಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ ನಿಯಮ ಅದು. ಒಬ್ಬನೇ ನಿಂತವನಿಗೆ ಪಕ್ಕದಲ್ಲಿ ಯಾರೂ ಇಲ್ಲದಂತೆಯೂ ಆಯಿತು.

ಮತ್ತೊಂದು ಮಾತು. ಉಳುಮೆ ನಿಲ್ಲಿಸಬೇಡಿ, ಬೀಳು ಬಿಡಬೇಡಿ, ಯಾವ ಬಿಳಿ ಹಾಳೆಗೂ ಸಹಿ ಹಾಕಬೇಡಿ. ಒಕ್ಕಲೆಬ್ಬಿಸಲು ಬಂದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಆದರೆ ಗೇಣಿ ಇತ್ತೋ ಇಲ್ಲವೋ ಅಂತ ತೀರ್ಮಾನಿಸುವ ಅಧಿಕಾರ ಆ ಕೋರ್ಟಿಗಿಲ್ಲ, ಅದನ್ನು ಮಂಡಳಿಗೇ ಕಳಿಸಬೇಕು.

ಗೌರಿಬಿದನೂರಿನ ಸೊಸೆ:

ಇನ್ನೊಂದು ಕಡೆಯ ಮಾತೂ ಇರಲಿ. ನಮ್ಮ ಅತ್ತೆಯ ತಾಯಿ 26ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಮೂರು ಎಕರೆ ಇತ್ತು. ಹೆಣ್ಣುಮಗಳು ನೇಗಿಲು ಹಿಡಿಯೋಕಾಗದೆ ವಾರಕ್ಕೆ ಕೊಟ್ಟಿದ್ದರು. ಅದೂ ಹೋಯಿತು. ಬಂದ ಪರಿಹಾರದಲ್ಲಿ ಏನೂ ಆಗಲಿಲ್ಲ. ಕೊನೆಗೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಎಲ್ಲಾ ಮಾಲೀಕರೂ ದೊಡ್ಡಮನೆಯವರಲ್ಲ ಅಲ್ವಾ?

ನಿವೃತ್ತ ವಿಎ:

ಅಕ್ಕಾ, ನಿಜ. ವಿಧವೆಯರಿಗೆ ಮೊದಲು ವಿನಾಯಿತಿ ಇತ್ತು, 1974ರಲ್ಲಿ ತೆಗೆದರು. ಸೈನಿಕರಿಗೆ ಮತ್ತು ಹಡಗಿನ ಕೆಲಸದವರಿಗೆ ಮಾತ್ರ ಉಳಿಸಿದರು. ವಿನಾಯಿತಿ ಇಟ್ಟರೆ ದೊಡ್ಡವರೆಲ್ಲ ಮನೆಯ ವಿಧವೆಯರ ಹೆಸರಿಗೆ ಜಮೀನು ಬರೆಯುತ್ತಾರೆ ಅನ್ನೋ ಭಯ ಇತ್ತು, ಆ ಭಯ ಸುಳ್ಳೂ ಅಲ್ಲ. ಆದರೂ ನಿಮ್ಮ ಮನೆಯವರಂಥವರಿಗೆ ಅನ್ಯಾಯ ಆಯಿತು. ನಾನು ಅದಕ್ಕೆ ಸಮಜಾಯಿಷಿ ಕೊಡಲ್ಲ.

15 ಕೆಜಿ ಬಾಕ್ಸ್:

ನಂದೂ ಒಂದು ಪ್ರಶ್ನೆ, ಪಕ್ಕಕ್ಕೆ ಹೋದರೆ ಕ್ಷಮಿಸಿ. ಕೋಲಾರದ ಹತ್ತಿರ 3 ಎಕರೆ ಗುತ್ತಿಗೆ ಹಿಡಿದು ಟೊಮ್ಯಾಟೊ ಬೆಳೀತೀನಿ. ಎಲ್ಲಾ ಬಾಯಿಮಾತು. ಮಾಲೀಕರು ಕಾಗದ ಮಾಡಲ್ಲ, ಎರಡು ವರ್ಷಕ್ಕೊಮ್ಮೆ ಬಿಡಿಸ್ತಾರೆ. ಬ್ಯಾಂಕ್ ಸಾಲ ಕೇಳಿದರೆ ಪಹಣಿ ತಾ ಅಂತಾರೆ. ಹೋದ ಸಲ ಆಲಿಕಲ್ಲು ಬಿದ್ದು ಬೆಳೆ ಮಲಗಿತು. ಪರಿಹಾರ ಮಾಲೀಕರ ಖಾತೆಗೆ ಬಂತು. ಕಿಸಾನ್ ಸಮ್ಮಾನದ 6000ವೂ ಅವರಿಗೇ. ಸಸಿ, ಮಲ್ಚಿಂಗ್ ಪೇಪರ್, ಔಷಧಿ, ಕೂಲಿ ಎಲ್ಲಾ ನಂದು. ನನಗೇನಾದರೂ ಹಕ್ಕಿದೆಯಾ?

ನಿವೃತ್ತ ವಿಎ:

ಜಮೀನಿನ ಮೇಲೆ ಇಲ್ಲ. ಅರಸು ಕಾಲದ ಹಕ್ಕು 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದವರಿಗೆ ಮಾತ್ರ. ಆಮೇಲೆ ಗುತ್ತಿಗೆಗೆ ಕೊಡೋದನ್ನೇ 5ನೇ ಕಲಂನಲ್ಲಿ ನಿಷೇಧಿಸಿದರು. ಹಾಗಾಗಿ ಕಾಗದದ ಪ್ರಕಾರ ನೀವು ಆ ಹೊಲದಲ್ಲಿ ಇಲ್ಲವೇ ಇಲ್ಲ. ಹೊಲದಲ್ಲಿ ನೋಡಿದರೆ ನೀವೊಬ್ಬರೇ ಇದ್ದೀರಿ. 2020ರಲ್ಲಿ 79ಎ, 79ಬಿ ತೆಗೆದು ಬೇಸಾಯ ಗೊತ್ತಿಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ನಿಮ್ಮಂಥವರ ಹೆಸರು ಎಲ್ಲಿ ಬರೀಬೇಕು ಅನ್ನೋದನ್ನು ಆಗಲೂ ಯಾರೂ ಕೇಳಲಿಲ್ಲ. ಸದ್ಯಕ್ಕೆ ಗುತ್ತಿಗೆ ದುಡ್ಡನ್ನು ಫೋನಿನಲ್ಲೇ ಕಳಿಸಿ, ನಗದು ಬೇಡ. ಮಂಡಿಯ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ಹಕ್ಕು ಬರಲ್ಲ, ಆದರೆ ಜಗಳ ಬಂದಾಗ ಬೆಳೆ ನನ್ನದು ಅಂತ ತೋರಿಸಬಹುದು.

ಗಡಿಊರಿನವನು:

ಏಳು ವಾರ ಆಯ್ತು, ಹೇಳಬೇಕು ಅಂತ ಬಂದೆ.

ಮೊದಲ ಸಲ ಫೈಲು ಸಿಕ್ಕಿಲ್ಲ ಅಂದರು. ವಿಎ ಸಾರ್ ಹೇಳಿದಂತೆ ನಂಬರ್ ಹುಡುಕಿದೆ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಎಲ್‌ಆರ್‌ಎಫ್ ನಂಬರ್ ಕಾಣಿಸಿತು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಬರೆದೆ. ಕಡತ ನೋಡೋಕೆ ಕರೆದರು.

1972-73ರ ಪಹಣಿಯಲ್ಲಿ 12ನೇ ಕಾಲಂ ತಾತನ ಹೆಸರು. ಪಕ್ಕದಲ್ಲಿ "ವಾರ". 73-74ರಲ್ಲೂ ಹಾಗೇ.

ಆದೇಶ 1977ರದು. ಅರ್ಧ ಪುಟವೂ ಇಲ್ಲ. ಅರ್ಜಿದಾರ ಖುದ್ದು ಹಾಜರಾಗಿ ತಾನು ಕೂಲಿಯವನೆಂದು ಹೇಳಿಕೆ ಕೊಟ್ಟಿದ್ದಾನೆ, ಅರ್ಜಿ ವಜಾ. ಅದರ ಹಿಂದೆ ಆ ಹೇಳಿಕೆ ಇದೆ. ಕೆಳಗೆ ಹೆಬ್ಬೆಟ್ಟು.

ಅದೇ ಕಡತದಲ್ಲಿ ಎರಡು ಹಾಳೆ ಹಿಂದೆ ತಾತ ಕೊಟ್ಟ ಫಾರಂ 7 ಇದೆ. ಅದರಲ್ಲಿ ಸಹಿ ಇದೆ ಸಾರ್. ತೆಲುಗಿನಲ್ಲಿ, ಕೊನೆಯ ಅಕ್ಷರದ ಕೊಂಬು ಮೇಲಕ್ಕೆ ಎಳೆದು. ಸೊಸೈಟಿ ಪುಸ್ತಕದಲ್ಲೂ ಅದೇ ಸಹಿ. ತಾತ ರಾತ್ರಿ ಹೊತ್ತು ಪಂಚಾಂಗ ಓದಿ ಊರಿನವರಿಗೆ ಒಳ್ಳೇ ದಿನ ಹೇಳುತ್ತಿದ್ದವರು. ಅವರು ಹೆಬ್ಬೆಟ್ಟು ಯಾಕೆ ಒತ್ತುತ್ತಾರೆ?

ಫೋಟೊ ತೆಗೆದುಕೊಂಡು ಬಂದಿದ್ದೀನಿ. ಅಜ್ಜಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಮಾವಿನತೋಪು:

ನಾನು ಮೇಲೆ ಹೇಳಿದ ಮಾತು ವಾಪಸ್ ತಗೊಂಡೆ ತಮ್ಮಾ.

ನಿವೃತ್ತ ವಿಎ:

ಈಗಲೇ ಹಿಗ್ಗಬೇಡಿ. ಸಹಿ ಬರುವವರೂ ಅಧಿಕಾರಿ ಒತ್ತು ಅಂದರೆ ಹೆಬ್ಬೆಟ್ಟು ಒತ್ತಿದ್ದುಂಟು. ಆ ಕಡೆಯ ವಕೀಲರು ಅದನ್ನೇ ಹೇಳುತ್ತಾರೆ. ತಡವಾದದ್ದರ ಪ್ರಶ್ನೆ ಹಾಗೇ ಇದೆ. ಆದರೆ ತಡಕ್ಕೆ ಕಾರಣ ಏನು ಅಂದರೆ ಹೇಳೋಕೆ ನಿಮಗೆ ಈಗ ಒಂದು ಮಾತು ಸಿಕ್ಕಿದೆ.

ಫೋಟೊ ಸಾಲದು. ಫಾರಂ 7, ಹೇಳಿಕೆ, ಆದೇಶ, ನೋಟಿಸು ಜಾರಿಯಾದ ಹಾಳೆ, ಎರಡೂ ವರ್ಷದ ಪಹಣಿ, ಎಲ್ಲದಕ್ಕೂ ದೃಢೀಕೃತ ನಕಲು ತಗೊಳ್ಳಿ, ಪುಟ ಪುಟಕ್ಕೂ ಮೊಹರು ಇರಬೇಕು. ಸೋಮವಾರವೇ ಹೋಗಿ. ಸೊಸೈಟಿ ಪುಸ್ತಕವನ್ನು ಯಾರ ಕೈಗೂ ಕೊಡಬೇಡಿ, ವಕೀಲರಿಗೂ ಜೆರಾಕ್ಸ್ ಸಾಕು. ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ವಕೀಲರ ಹತ್ತಿರ ಬರೆಸಿ ಅಫಿಡವಿಟ್ ಮಾಡಿಸಿ. ಅವರ ವಯಸ್ಸು ನೋಡಿದರೆ ಇದನ್ನು ಮುಂದೂಡಬಾರದು.

ಜಮೀನಿನಲ್ಲಿ ಈಗ ಏನಿದೆ?

ಗಡಿಊರಿನವನು:

ಹುರುಳಿ ಹಾಕಿದ್ದೀವಿ ಸಾರ್. ಹೂವು ಬಿಟ್ಟಿದೆ.

ನಿವೃತ್ತ ವಿಎ:

ಕೀಳುವಾಗ ನನಗೂ ಒಂದು ಸೇರು ಎತ್ತಿಡಿ. ದುಡ್ಡು ಕೊಟ್ಟೇ ತಗೊಳ್ಳೋದು, ರಸೀದಿ ಸಮೇತ.