ಪದಚರ್ಚೆ: ‘ಅಣುಲೋಕ’ವೋ ‘ಕಿರುಜಗ’ವೋ?

ಪ್ರಶ್ನೆ: ವಿರಾಜಪೇಟೆ ಕಡೆಯ ಮಕ್ಕಳಿಗೆಂದು ಚಿತ್ರಕತೆಯೊಂದು (ಕಾಮಿಕ್ಸ್) ಸಿದ್ಧವಾಗುತ್ತಿದೆ. ಒಂದು ಕಾಫಿ ಹಣ್ಣಿನೊಳಗೆ ಸೂರ್ಯ, ಊರು, ಹೊಳೆ ಎಲ್ಲವೂ ಇರುವ ಪುಟ್ಟ ವಿಶ್ವ. ಸೆರೆಸಿಕ್ಕ ಗೆಳತಿಯನ್ನು ತರಲು ಸೂಪರ್‌ಹೀರೋ ತಂಡ 1.7 ಮಿಲಿಮೀಟರ್ ಎತ್ತರಕ್ಕೆ ಇಳಿದು ಒಳಹೊಗುತ್ತದೆ. ಆ ವಿಶ್ವಕ್ಕೆ ‘ಅಣುಲೋಕ’ ಎನ್ನಬಹುದೇ? ‘ಕುಗ್ಗು’, ‘ರಕ್ಷಿಸು’ ಸರಿಯೇ?

ಉತ್ತರ: ‘ಅಣುಲೋಕ’ ಬೇಡ. ಶಾಲೆಯ ವಿಜ್ಞಾನದಲ್ಲಿ ಪರಮಾಣು ಬೇರೆ, ಪರಮಾಣುಗಳು ಕೂಡಿ ಆಗುವ ಅಣು ಬೇರೆ. ಆದರೆ ಪತ್ರಿಕೆಯ ‘ಅಣುಬಾಂಬ್’, ‘ಅಣುಶಕ್ತಿ’ಗಳಲ್ಲಿ ಅಣುವೆಂದರೆ ಪರಮಾಣುವೇ. ಏಳನೇ ತರಗತಿಯ ಮಗು ಯಾವುದನ್ನು ಹಿಡಿಯಬೇಕು? ಅಳತೆಯೂ ಹೊಂದದು: ಒಂದು ಮಿಲಿಮೀಟರಿನಲ್ಲಿ ಸುಮಾರು 1 ಕೋಟಿ ಪರಮಾಣುಗಳನ್ನು ಸಾಲಾಗಿ ನಿಲ್ಲಿಸಬಹುದು. ನಿಮ್ಮ ವೀರರು ಇಳಿದಿರುವುದು ಕಾಯಿಕೊರಕದ ಗಾತ್ರಕ್ಕೆ, ಬೆಳೆಗಾರರು ‘ಬೆರ್ರಿ ಬೋರರ್’ ಎನ್ನುವ ಹುಳುವಿನ ಗಾತ್ರಕ್ಕೆ. ಆ ಹುಳು ಹಣ್ಣಿನ ಹೊಕ್ಕುಳ ಕಡೆಯಿಂದ ಕೊರೆದು ಒಳಗೆ ಹೋಗುತ್ತದೆ. ತಂಡಕ್ಕೂ ಅದೇ ಬಾಗಿಲು ಆಗಲಿ, ತೋಟದ ಮಕ್ಕಳಿಗೆ ಚಿತ್ರ ತಟ್ಟನೆ ಹೊಳೆಯುತ್ತದೆ.

‘ಸೂಕ್ಷ್ಮವಿಶ್ವ’ ಎಂದರೆ ಸೂಕ್ಷ್ಮಾಣು ಜೀವಿಗಳ ನೆನಪು ಬರುತ್ತದೆ. ‘ಪಿಂಡಾಂಡ’ ಚೆಂದದ ಹಳೆಯ ಪದ, ಆದರೆ ಅದು ಬ್ರಹ್ಮಾಂಡಕ್ಕೆ ಸಾಟಿಯಾಗಿ ಹೇಳುವ ಮನುಷ್ಯನ ದೇಹ. ‘ಕಿರುಬ್ರಹ್ಮಾಂಡ’ದಲ್ಲಿ ಕಿರುವೂ ಬ್ರಹ್ಮಾಂಡವೂ ಜಗಳಕ್ಕೆ ನಿಲ್ಲುತ್ತವೆ, ನಮ್ಮ ಮಾತಿನಲ್ಲಿ ಬ್ರಹ್ಮಾಂಡವೆಂದರೆ ಭಾರಿ ದೊಡ್ಡದು ಎಂದೇ ಅರ್ಥ.

ನನ್ನ ಆಯ್ಕೆ ‘ಕಿರುಜಗ’. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದರೆ ಅರಿಸಮಾಸ ಎಂದು ಹಳೆಯ ವ್ಯಾಕರಣಕಾರರು ತಡೆಯುತ್ತಿದ್ದರು. ಇಂದು ‘ಕಿರುಚಿತ್ರ’, ‘ಕಿರುನಾಟಕ’ ಒಪ್ಪಿತವಾಗಿವೆ, ನಿಜ. ಆದರೂ ‘ಜಗ’ ತದ್ಭವವಾದ್ದರಿಂದ ಆ ತಕರಾರೇ ಏಳುವುದಿಲ್ಲ. ನಾಲ್ಕೇ ಅಕ್ಷರ, ಮಾತಿನ ಗುಳ್ಳೆಯಲ್ಲಿ ಸಲೀಸಾಗಿ ಕೂರುತ್ತದೆ. ನಾಪೋಕ್ಲು ಬಳಿಯ ಚೆರಿಯಪರಂಬು ಊರಿನ ‘ಚೆರಿಯ’ವೂ ನಮ್ಮ ‘ಕಿರಿಯ’ವೂ ಒಂದೇ ಬೇರಿನ ಪದಗಳು, ಕೊಡಗಿನ ಕಿವಿಗೆ ‘ಕಿರು’ ದೂರದ್ದಲ್ಲ.

‘ನಾನು ಕುಗ್ಗಿದೆ’ ಎಂದರೆ ವೀರ ಎದೆಗುಂದಿದಂತೆ ಕೇಳುತ್ತದೆ. ‘ಸಣ್ಣಗಾದೆ’ ಎಂದರೆ ತೂಕ ಇಳಿಯಿತೇ ಎನ್ನುತ್ತಾರೆ. ‘ಕುಬ್ಜ’ದಲ್ಲಿ ಮನುಷ್ಯರನ್ನು ಹೀಯಾಳಿಸುವ ವಾಸನೆಯಿದೆ, ಮಕ್ಕಳ ಕತೆಗೆ ಖಂಡಿತ ಬೇಡ. ‘ಕಿರಿದಾಗು’ ಸಾಕು. ಈ ಶಕ್ತಿ ಯಂತ್ರದಿಂದಲ್ಲದೆ ಸಿದ್ಧಿಯಿಂದ ಬಂದದ್ದಾದರೆ ಅಷ್ಟಸಿದ್ಧಿಗಳಲ್ಲಿ ಮೊದಲನೆಯದಾದ ‘ಅಣಿಮಾ’ ಇದ್ದೇ ಇದೆ. ಸುರಸೆಯ ಬಾಯಿ ಹೊಕ್ಕು ಹೊರಬಂದ ಹನುಮಂತನನ್ನು ಮಕ್ಕಳೂ ಬಲ್ಲರು. ಒಂದು ಎಚ್ಚರ: ಎತ್ತರ ಸಾವಿರದ ಒಂದು ಪಾಲಾದರೆ ತೂಕ 100 ಕೋಟಿಯ ಒಂದು ಪಾಲಾಗುತ್ತದೆ. ಆದ್ದರಿಂದ ಕೊಂಬೆಯಿಂದ ಬಿದ್ದ ವೀರನಿಗೆ ‘ಧೊಪ್ಪೆಂದು ಬಿದ್ದ’ ಎಂದು ಬರೆಯಬೇಡಿ. ಅವನು ಧೂಳಿನಂತೆ ತೇಲಿ ಇಳಿಯುತ್ತಾನೆ. ಅವನಿಗೆ ಅಪಾಯ ಎಲೆಯ ಮೇಲಿನ ನೀರಹನಿ. ಅಂಟಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ.

‘ರಕ್ಷಿಸು’ ಎಂಬುದರಲ್ಲಿ ಕಾವಲು ಕಾಯುವುದೂ ಸೇರುತ್ತದೆ: ಅರಣ್ಯ ರಕ್ಷಕ, ರಕ್ಷಣಾ ಸಚಿವ. ಇಲ್ಲಿ ಗೆಳತಿ ಸೆರೆಯಲ್ಲಿರುವುದರಿಂದ ‘ಬಿಡಿಸಿ ತರು’. ಮಣ್ಣು ಕುಸಿದು ಸಿಕ್ಕಿಹಾಕಿಕೊಂಡವರಾಗಿದ್ದರೆ ‘ಹೊರತರು’; 2018ರ ಆಗಸ್ಟ್ ಕಂಡ ಮಕ್ಕಂದೂರು, ಜೋಡುಪಾಲದವರಿಗೆ ಆ ಪದದ ತೂಕ ಗೊತ್ತು. ಹೊಳೆ ದಾಟಿಸಿದಾಗ ‘ಪಾರುಮಾಡು’, ಏಕೆಂದರೆ ‘ಪಾರ’ ಎಂದರೇ ಆಚೆಯ ದಡ.

‘ತಂಡ’ ಹಾಗೇ ಇರಲಿ. ‘ಪಡೆ’ ಎಂದರೆ ಕೊಡಗಿನ ಓದುಗರಿಗೆ ಮೊದಲು ನೆನಪಾಗುವುದು ತೋಟಕ್ಕೆ ನುಗ್ಗಿದ ಆನೆಗಳನ್ನು ಕಾಡಿಗಟ್ಟುವ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ.