ವಿಮಾನ ಬಿದ್ದು ತೀರಿಕೊಂಡ ಸೈನಿಕರ ಹೆಸರು ಊರಿನ ಕಲ್ಲಿನ ಮೇಲೆ ಹಾಕಿಸಬಹುದಾ?

ಪ್ರಶ್ನೆ (ತೀರ್ಥಹಳ್ಳಿ): ಸುಬೇದಾರ್ ಸರ್, ನಮಸ್ಕಾರ. ನಮ್ಮ ಅಜ್ಜನ ಅಣ್ಣ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಇಂಡಿಯನ್ ಆರ್ಮಿಯಲ್ಲಿದ್ದರು. 1944ರಲ್ಲಿ ಬರ್ಮಾ ಗಡಿ ಕಡೆ ವಿಮಾನ ಬಿದ್ದು ತೀರಿಕೊಂಡರು ಅಂತ ತಂತಿ ಬಂತಂತೆ. ದೇಹ ಸಿಗಲೇ ಇಲ್ಲ. ಮನೆಯಲ್ಲಿ ಉಳಿದಿರೋದು ಅವರ ನಂಬರ್ ಇರೋ ಒಂದು ಹಳೇ ಕಾಗದ ಮಾತ್ರ. ಈಗ ಶಾಲೆ ಎದುರು ಊರಿನ ಸೈನಿಕರ ಹೆಸರಿನ ಕಲ್ಲು ನಿಲ್ಲಿಸೋಣ ಅಂತ ಹೊರಟಿದ್ದೇವೆ. ಸಭೆಯಲ್ಲಿ ಹಿರಿಯರೊಬ್ಬರು "ಅವರೇನು ಗುಂಡು ತಿಂದು ಸತ್ತವರಾ, ಅದು ಆಕ್ಸಿಡೆಂಟ್ ಅಲ್ವಾ" ಅಂದುಬಿಟ್ಟರು. ಯಾರೂ ಉತ್ತರ ಕೊಡಲಿಲ್ಲ. ನೀವು ಏನಂತೀರಿ?

ಉತ್ತರ (ನಿವೃತ್ತ ಸುಬೇದಾರ್, ಆರ್ಮಿ ರೆಕಾರ್ಡ್ ಆಫೀಸಿನಲ್ಲಿ ಕೆಲಸ ಮಾಡಿದವರು): ಹಾಕಿಸಿ. ಇದರಲ್ಲಿ ಅನುಮಾನವೇ ಬೇಡ.

1944ರಲ್ಲಿ ಆ ಕಡೆ ಏನಾಗುತ್ತಿತ್ತು ಅಂತ ಆ ಹಿರಿಯರಿಗೆ ಸ್ವಲ್ಪ ಹೇಳಿ. ಮಾರ್ಚ್ ಕೊನೆಗೆ ಜಪಾನಿನವರು ಇಂಫಾಲ್-ಕೊಹಿಮಾ ರಸ್ತೆ ಕಡಿದುಹಾಕಿದರು. ಅದು ಮತ್ತೆ ತೆರೆದಿದ್ದು ಜೂನ್ 22ಕ್ಕೆ. ಅಲ್ಲಿವರೆಗೆ ಅಕ್ಕಿ, ಗುಂಡು, ಔಷಧಿ ಎಲ್ಲಾ ಇಂಫಾಲಿಗೆ ಹೋಗಿದ್ದು ವಿಮಾನದಲ್ಲೇ. ಬರ್ಮಾ ಕರಾವಳಿಯ ಅರಾಕಾನ್‌ನಿಂದ 5ನೇ ಇಂಡಿಯನ್ ಡಿವಿಷನ್ ಅನ್ನು ಫಿರಂಗಿ, ಹೇಸರಗತ್ತೆ ಸಮೇತ ವಿಮಾನದಲ್ಲೇ ತಂದಿಳಿಸಿದ್ದರು. ಇಳಿಯೋಕೆ ಜಾಗ ಇಲ್ಲದ ಕಡೆ ಡಕೋಟಾ ವಿಮಾನ ಬೆಟ್ಟಗಳ ಸಂದಿಯಲ್ಲಿ ತಗ್ಗಿ ಹಾರಬೇಕು, ಒಳಗಿರುವ ಜವಾನರು ತೆರೆದ ಬಾಗಿಲ ಹತ್ತಿರ ನಿಂತು ಅಕ್ಕಿ ಮೂಟೆಗಳನ್ನು ಹೊರಗೆ ತಳ್ಳಬೇಕು. ಕೆಳಗೆ ಬಿದ್ದಾಗ ಒಳಚೀಲ ಒಡೆದರೂ ಅಕ್ಕಿ ಚೆಲ್ಲದಿರಲಿ ಅಂತ ಒಂದರ ಮೇಲೊಂದು ಚೀಲ ಹಾಕಿ ಹೊಲಿದಿರುತ್ತಿದ್ದರು. ಮೇಲೆ ಮುಂಗಾರು ಮೋಡ, ಮುಂದಿನ ಗುಡ್ಡ ಕಾಣಲ್ಲ. ನಮ್ಮ ಆಗುಂಬೆಯ ಆಷಾಢದ ಮಳೆ ಕಂಡವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಅಂಥಾ ಕಡೆ ವಿಮಾನ ಬಿದ್ದು ಸತ್ತವರನ್ನು ಬೇರೆ ಸಾಲಿಗೆ ತಳ್ಳೋದು ಯಾವ ನ್ಯಾಯ?

ದಾಖಲೆಯಲ್ಲೂ ಆ ಭೇದ ಇಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸೇವೆಯಲ್ಲಿದ್ದಾಗ ತೀರಿಕೊಂಡ ಸೈನಿಕರನ್ನು, ಗುಂಡಿಗೋ ಕಾಯಿಲೆಗೋ ಅಪಘಾತಕ್ಕೋ ಅಂತ ನೋಡದೆ, ಅದು ಲೆಕ್ಕಕ್ಕೆ ತಗೊಳ್ಳುತ್ತದೆ. ಬರ್ಮಾ ಯುದ್ಧದಲ್ಲಿ ಸಮಾಧಿಯೇ ಗೊತ್ತಿಲ್ಲದವರ ಸುಮಾರು 27,000 ಹೆಸರು ಯಾಂಗೂನ್ ಹತ್ತಿರದ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲಿದೆ. ನಿಮ್ಮ ಅಜ್ಜನ ಅಣ್ಣನದ್ದೂ ಅಲ್ಲಿರಬಹುದು. ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಸರ್ವಿಸ್ ನಂಬರ್ ಹಾಕಿ ಹುಡುಕಿ. ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬೇಕಾದರೂ ಬರೆದಿರುತ್ತಾರೆ, ಅದನ್ನೇ ನಂಬಿ ಕೂರಬೇಡಿ. ಊರು ಅಂತ ಹುಡುಕುವಾಗ ಶಿವಮೊಗ್ಗ ಅಲ್ಲ, ಶಿಮೊಗಾ, ಮೈಸೂರ್ ಸ್ಟೇಟ್ ಅಂತ ನೋಡಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸಿಗಲ್ಲ, 2019ರಲ್ಲಿ ಆಗಿದ್ದು ಅದು, ಅಲ್ಲಿರೋದು ಸ್ವಾತಂತ್ರ್ಯದ ನಂತರದವರ ಹೆಸರು.

ಪ್ರಶ್ನೆ (ಸಾಗರ): ಸರ್, ಮಧ್ಯೆ ಬಂದೆ, ಕ್ಷಮಿಸಿ. ಇಷ್ಟು ದೊಡ್ಡ ವಿಷಯ ಮನೆಯವರಿಗೆ ಬರೀ ಎರಡು ಸಾಲಿನ ತಂತಿಯಲ್ಲಿ ಯಾಕೆ ಹೇಳುತ್ತಿದ್ದರು?

ಉತ್ತರ: ಯುದ್ಧದ ಸೆನ್ಸಾರ್. ನಮ್ಮವರಿಗೆ ಮಾತ್ರ ಅಲ್ಲ. 1943ರ ಜೂನ್ 14ರಂದು ಆಸ್ಟ್ರೇಲಿಯಾದ ಬೇಕರ್ಸ್ ಕ್ರೀಕ್‌ನಲ್ಲಿ ಅಮೆರಿಕದ ಬಿ-17 ವಿಮಾನ ಬಿತ್ತು. ರಜೆ ಮುಗಿಸಿ ನ್ಯೂಗಿನಿಗೆ ವಾಪಸ್ ಹೊರಟ ಸೈನಿಕರು, 41 ಜನರಲ್ಲಿ 40 ಜನ ಹೋದರು, ಬದುಕಿದ್ದು ಒಬ್ಬರೇ. ಅದನ್ನೂ ಗುಟ್ಟಾಗಿಟ್ಟರು. ಅಲ್ಲೊಂದು ಸ್ಮಾರಕ ಆಗಿದ್ದು 1992ರಲ್ಲಿ. ಅವರೂ ಗುಂಡು ತಿಂದವರಲ್ಲ, ನೋಡಿ.

ಪ್ರಶ್ನೆ (ತೀರ್ಥಹಳ್ಳಿ): ಥ್ಯಾಂಕ್ಸ್ ಸರ್. ಇಷ್ಟು ವರ್ಷ ಆದಮೇಲೆ ದೇಹ ಸಿಗೋ ಸಾಧ್ಯತೆ ಇದೆಯಾ? ಅಜ್ಜಿ ಪದೇ ಪದೇ ಕೇಳ್ತಾರೆ.

ಉತ್ತರ: ಅಜ್ಜಿಗೆ ಆಸೆ ಹುಟ್ಟಿಸಬೇಡಿ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ನಮ್ಮ ವಾಯುಪಡೆಯ ಎಎನ್-12 ವಿಮಾನ ರೋಹ್ತಾಂಗ್ ಹತ್ತಿರ ಕಾಣೆಯಾಯಿತು, 102 ಜನ ಇದ್ದರು. ಅವಶೇಷ ಕಂಡಿದ್ದು 2003ರಲ್ಲಿ, 2024ರಲ್ಲೂ ನಾಲ್ಕು ದೇಹ ಸಿಕ್ಕವು. ಅದು ಹಿಮ, ಹಾಗಾಗಿ ಉಳಿದವು. ಬರ್ಮಾದ್ದು ಮಳೆಕಾಡು. ಕ್ರಿಯೆ-ಕರ್ಮ ಆಗಿಲ್ಲ ಅನ್ನೋ ಕೊರಗಿದ್ದರೆ ಮನೆ ಪುರೋಹಿತರನ್ನು ಕೇಳಿ, ದೇಹ ಇಲ್ಲದೆಯೂ ಮಾಡುವ ಕ್ರಮ ಇದೆ.

ಇನ್ನು ಆ ಹಿರಿಯರನ್ನು ಒಂದು ಸಲ ಬಳ್ಳಿಗಾವಿ ಕಡೆ ಕರಕೊಂಡು ಹೋಗಿ. ನಮ್ಮ ನಾಡಿನಲ್ಲಿ ರಾಜರ ಯುದ್ಧದಲ್ಲಿ ಸತ್ತವರಿಗಷ್ಟೇ ಅಲ್ಲ, ದನ ಬಿಡಿಸೋಕೆ ಹೋಗಿ ಸತ್ತವರಿಗೂ ಹುಲಿ ಜೊತೆ ಸೆಣಸಿ ಸತ್ತವರಿಗೂ ವೀರಗಲ್ಲು ನಿಲ್ಲಿಸಿದ್ದಾರೆ.

ಕಲ್ಲಿನ ವಿಷಯ: ಜಂಬಿಟ್ಟಿಗೆ ಬೇಡ, ಅದರಲ್ಲಿ ಅಕ್ಷರ ನಿಲ್ಲಲ್ಲ. ಗಟ್ಟಿ ಕರಿಕಲ್ಲು ತಗೊಳ್ಳಿ, ಅಕ್ಷರ ಆಳವಾಗಿ ಕೆತ್ತಿಸಿ. ಬರೀ ಪೇಂಟ್ ಹೊಡೆದರೆ ನಮ್ಮ ಮಳೆಗೆ ಎರಡು ವರ್ಷ ಬಾಳಲ್ಲ. ಹೆಸರು, ನಂಬರ್, ರೆಜಿಮೆಂಟ್, ಇಸವಿ ಸಾಕು. "ವಿಮಾನ ಅಪಘಾತ" ಅಂತಲೂ ಬರೆಸಿ, ಮುಚ್ಚಿಡೋದೇನಿಲ್ಲ. ಕೆತ್ತೋಕೆ ಕೊಡೋ ಮುಂಚೆ ಆ ಹಳೇ ಕಾಗದದ ಫೋಟೋ ಇಲ್ಲಿ ಹಾಕಿ, ನಂಬರ್ ಮಾತ್ರ ಮುಚ್ಚಿ. ಯಾವ ರೆಜಿಮೆಂಟ್ ಅಂತ ನೋಡಿ ಹೇಳ್ತೀನಿ.