ದೊಡ್ಡಮ್ಮ, ನೀವಿಬ್ಬರೇ ಆರಾಮಾಗಿ ಓಡಾಡಬಹುದು

ದೊಡ್ಡಮ್ಮ, ರಾತ್ರಿ ನೀವು ಗ್ರೂಪಲ್ಲಿ ಹಾಕಿದ್ದನ್ನು ಈಗ ಬೆಳಿಗ್ಗೆ ನೋಡಿದೆ. ಜೂನ್‌ನಲ್ಲಿ ಮ್ಯೂನಿಕ್‌ಗೆ ಬಂದಾಗ, ನಾನು ಆಫೀಸಿಗೆ ಹೋದ ದಿನ ನೀವೂ ದೊಡ್ಡಪ್ಪನೂ ಮನೆಯಲ್ಲೇ ಇರುತ್ತೀರಿ, ಶನಿವಾರ ಭಾನುವಾರ ಮಾತ್ರ ಎಲ್ಲಾದರೂ ಹೋಗೋಣ ಅಂದಿದ್ದೀರಿ. ಅದರ ಕೆಳಗೆ ಭಾವ, ಕಾರು ಬಾಡಿಗೆಗೆ ತಗೊಂಡರೆ ಹೇಗೆ ಅಂತ ಕೇಳಿದ್ದಾರೆ. ಎರಡೂ ಬೇಡ. ಅಷ್ಟು ದೂರದಿಂದ ಬಂದು ನಾಲ್ಕು ಗೋಡೆ ನೋಡಿಕೊಂಡು ಕೂರಬೇಡಿ. ಇಲ್ಲಿ ರೈಲಿನಲ್ಲಿ ನೀವಿಬ್ಬರೇ ಓಡಾಡಬಹುದು. ನಾನು ರಜೆ ಹಾಕುವುದಕ್ಕೆ ಕಾಯಬೇಕಾಗಿಲ್ಲ. ಸ್ವಲ್ಪ ಉದ್ದ ಹೇಳುತ್ತೇನೆ, ನಿಧಾನವಾಗಿ ಕೇಳಿ.

ಮೊದಲು ಟಿಕೆಟ್ಟಿನ ವಿಷಯ. ಇಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದು ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ ಶುರುವಾದಾಗ 49 ಯೂರೋ ಇತ್ತು. 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಏರಿದೆ ನಿಜ, ಆದರೂ ಒಂದು ತಿಂಗಳು ಇರುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಊರೊಳಗಿನ ಬಸ್ಸು, ಟ್ರಾಮ್, ಮೆಟ್ರೋ, ಹೊರಗಿನ ಹಳ್ಳಿಗಳಿಗೆ ಹೋಗುವ ಲೋಕಲ್ ರೈಲು, ಎಲ್ಲದಕ್ಕೂ ಅದೊಂದೇ. ಮ್ಯೂನಿಕ್ ಮಾತ್ರ ಅಲ್ಲ, ಜರ್ಮನಿಯ ಯಾವ ಊರಲ್ಲಾದರೂ ನಡೆಯುತ್ತದೆ. ಇದು ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಪಾಸ್. ಅದೇ ತಿಂಗಳ 10ನೇ ತಾರೀಕಿನೊಳಗೆ ಬೇಡ ಅಂತ ಹೇಳದಿದ್ದರೆ ಮುಂದಿನ ತಿಂಗಳ ದುಡ್ಡೂ ಕತ್ತರಿಸುತ್ತಾರೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಫೋನಿನಲ್ಲಿ ಒಂದು, ದೊಡ್ಡಪ್ಪನ ಫೋನಿನಲ್ಲಿ ಒಂದು ಇರುತ್ತದೆ. ಪಾಸ್ ಮೇಲೆ ಹೆಸರು ಇರುವುದರಿಂದ ಮನೆಯಿಂದ ಹೊರಟಾಗಲೆಲ್ಲ ಪಾಸ್‌ಪೋರ್ಟ್ ಜೊತೆಗೇ ಇರಲಿ. ದೊಡ್ಡಪ್ಪ ಅದನ್ನು ಸೂಟ್‌ಕೇಸಿನ ತಳದಲ್ಲಿ ಭದ್ರವಾಗಿ ಇಡುತ್ತಾರೆ ಅಂತ ಗೊತ್ತು, ದಯವಿಟ್ಟು ಇಲ್ಲಿ ಹಾಗೆ ಮಾಡಬೇಡಿ.

ನಮ್ಮ ಮೆಟ್ರೋ ತರಹ ಇಲ್ಲಿ ಕಾರ್ಡ್ ತೋರಿಸಿ ಒಳಗೆ ಹೋಗುವ ಗೇಟು ಇಲ್ಲ. ಸೀದಾ ಪ್ಲಾಟ್‌ಫಾರ್ಮಿಗೆ ಹೋಗಬಹುದು. ಆದರೆ ರೈಲಿನೊಳಗೆ ಯಾವಾಗ ಬೇಕಾದರೂ ಚೆಕಿಂಗ್‌ನವರು ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ. ಫೋನಿನ ಚಾರ್ಜ್ ಖಾಲಿಯಾಗಲು ಬಿಡಬೇಡಿ, ಅಷ್ಟೇ. ಸೀಟ್ ರಿಸರ್ವೇಶನ್ ಕೂಡ ಇಲ್ಲ, ಸಿಕ್ಕ ಕಡೆ ಕೂರುವುದು. ದೊಡ್ಡದಾಗಿ 1 ಅಂತ ಬರೆದ ಡಬ್ಬಿಗೆ ಮಾತ್ರ ಹೋಗಬೇಡಿ, ಅದು ಫಸ್ಟ್ ಕ್ಲಾಸ್. ಬಾಗಿಲು ತಾನಾಗಿ ತೆರೆಯುತ್ತದೆ ಅಂತ ಕಾಯಬೇಡಿ. ಬಾಗಿಲ ಮೇಲೆ ಒಂದು ಬಟನ್ ಇರುತ್ತದೆ, ಅದನ್ನು ಒತ್ತಬೇಕು.

ಯಾವ ರೈಲು ಹತ್ತಬಹುದು, ಯಾವುದು ಹತ್ತಬಾರದು? ಬಣ್ಣ ನೋಡಬೇಡಿ, ಅಕ್ಷರ ನೋಡಿ. ಎಸ್ ಅನ್ನುವ ಊರ ಸುತ್ತಲಿನ ಲೋಕಲ್, ಯು ಅನ್ನುವ ಮೆಟ್ರೋ, ಹೊರಗಿನ ಊರುಗಳಿಗೆ ಹೋಗುವ ಆರ್‌ಬಿ, ಆರ್‌ಇ, ಇವುಗಳಲ್ಲಿ ಯಾವುದಿದ್ದರೂ ಧೈರ್ಯವಾಗಿ ಹತ್ತಿ. ಐಸಿಇ, ಐಸಿ, ಇಸಿ, ಆರ್‌ಜೆ ಅಂತ ಇದ್ದರೆ ಬೇಡ, ಅವು ದೂರದ ಎಕ್ಸ್‌ಪ್ರೆಸ್‌ಗಳು, ನಮ್ಮ ಪಾಸ್ ನಡೆಯುವುದಿಲ್ಲ. ಡಿಬಿ ನ್ಯಾವಿಗೇಟರ್ ಅನ್ನುವ ಆ್ಯಪ್‌ನಲ್ಲಿ ಲೋಕಲ್ ರೈಲು ಮಾತ್ರ ತೋರಿಸು ಅಂತ ಮಾಡಿಡುತ್ತೇನೆ, ಆಗ ಗೊಂದಲವೇ ಇಲ್ಲ.

ಈಗ ಮೊದಲ ದಿನ ನೀವಿಬ್ಬರೇ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತೇನೆ. ಹೆರ್ಶಿಂಗ್. ನಮ್ಮ ಮನೆ ಪಾಸಿಂಗ್ ಸ್ಟೇಷನ್ ಹತ್ತಿರ ಅಲ್ವಾ, ಅಲ್ಲಿಂದ ಎಸ್ 8 ನೇರ ಹೋಗುತ್ತದೆ, ಮುಕ್ಕಾಲು ಗಂಟೆಯೂ ಬೇಡ. ಅಲ್ಲಿಗೇ ಯಾಕೆ ಅಂದರೆ, ಹೆರ್ಶಿಂಗ್ ಕೊನೆಯ ಸ್ಟೇಷನ್. ಇಳಿಯುವ ಜಾಗ ತಪ್ಪಿಹೋಗುತ್ತದೆ ಅನ್ನುವ ಭಯ ಇಲ್ಲ, ಎಲ್ಲರೂ ಇಳಿದಾಗ ನೀವೂ ಇಳಿಯುವುದು. ಸ್ವಲ್ಪ ನಡೆದರೆ ಅಮ್ಮರ್‌ಸೇ ಅನ್ನುವ ದೊಡ್ಡ ಕೆರೆ. ದಡದ ದಾರಿ ಸಮತಟ್ಟಾಗಿದೆ, ದೊಡ್ಡಪ್ಪನ ಮಂಡಿಗೆ ತೊಂದರೆ ಇಲ್ಲ. ಬೆಂಚಿನ ಮೇಲೆ ಕೂತು ಕಟ್ಟಿಕೊಂಡು ಹೋದ ಚಪಾತಿ ತಿನ್ನಬಹುದು. ಹತ್ತುವಾಗ ಬೋರ್ಡಿನಲ್ಲಿ ಹೆರ್ಶಿಂಗ್ ಅಂತಲೇ ಇರಬೇಕು, ಯಾಕೆಂದರೆ ಕೆಲವು ಎಸ್ 8 ರೈಲು ದಾರಿಯಲ್ಲೇ ನಿಂತುಬಿಡುತ್ತವೆ. ವಾಪಸ್ ಬರುವಾಗ ವಿಮಾನದ ಗುರುತು ಇರುವ ಎಸ್ 8 ಹತ್ತಿ. ಅದು ಪಾಸಿಂಗ್ ಮೇಲೆಯೇ ಏರ್‌ಪೋರ್ಟಿಗೆ ಹೋಗುವುದು. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಕತ್ತಲಾಯಿತು ಅಂತ ಅವಸರ ಪಡಬೇಡಿ. ಒಂದೇ ಒಂದು ವಿಷಯ, ಎಸ್ ರೈಲುಗಳಲ್ಲಿ ಟಾಯ್ಲೆಟ್ ಇರುವುದಿಲ್ಲ. ಆರ್‌ಬಿ, ಆರ್‌ಇಗಳಲ್ಲಿ ಇರುತ್ತದೆ. ಹೊರಡುವ ಮುಂಚೆ ಹೋಗಿ ಬಂದುಬಿಡಿ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಇಲ್ಲಿ ಕೆಲವು ರೈಲು ದಾರಿಯಲ್ಲಿ ಎರಡು ಭಾಗ ಆಗುತ್ತವೆ. ಮುಂದಿನ ಅರ್ಧ ಒಂದು ಊರಿಗೆ, ಹಿಂದಿನ ಅರ್ಧ ಇನ್ನೊಂದು ಊರಿಗೆ. ಅಮ್ಮ ಮೊದಲ ಸಲ ಬಂದಾಗ ನಾವಿಬ್ಬರೂ ಟೇಗರ್ನ್‌ಸೇ ಅನ್ನುವ ಕೆರೆಗೆ ಹೊರಟೆವು. ಕಿಟಕಿ ಪಕ್ಕ ಜಾಗ ಸಿಕ್ಕ ಖುಷಿಯಲ್ಲಿ ಯಾವ ಡಬ್ಬಿ ಅಂತ ನೋಡಲೇ ಇಲ್ಲ. ಶಾಫ್ಟ್‌ಲಾಖ್ ಅನ್ನುವ ಸಣ್ಣ ಸ್ಟೇಷನ್ನಿನಲ್ಲಿ ರೈಲು ಬೇರೆಯಾಯಿತು. ನಾವು ಹೋಗಿ ಇಳಿದದ್ದು ಲೆಂಗ್ರೀಸ್‌ನಲ್ಲಿ. ಅಮ್ಮನ ಮುಖ ಸಣ್ಣದಾಯಿತು. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ ನಮ್ಮ ಫೋನಿನ ಮ್ಯಾಪ್ ನೋಡಿ, ಶಾಫ್ಟ್‌ಲಾಖ್‌ಗೆ ವಾಪಸ್ ಹೋಗಿ ಅಂತ ಬೆರಳು ಮಾಡಿ ತೋರಿಸಿದರು. ಒಂದು ಗಂಟೆಗಿಂತ ಜಾಸ್ತಿ ಹೋಯಿತು, ಬೇರೇನೂ ಆಗಲಿಲ್ಲ. ಆದರೂ ಆವತ್ತಿನಿಂದ ನಾನು ಪ್ಲಾಟ್‌ಫಾರ್ಮಿನ ಬೋರ್ಡು ಒಂದು ಸಲ, ಡಬ್ಬಿಯ ಮೇಲಿನ ಹೆಸರು ಒಂದು ಸಲ, ಎರಡನ್ನೂ ಓದದೆ ಹತ್ತುವುದಿಲ್ಲ. ಏರ್‌ಪೋರ್ಟಿಗೆ ಹೋಗುವ ಎಸ್ 1 ಕೂಡ ನಾಯ್‌ಫಾರ್ನ್ ಅನ್ನುವಲ್ಲಿ ಹೀಗೇ ಬೇರೆಯಾಗುತ್ತದೆ, ಒಂದು ಭಾಗ ಫ್ರೈಸಿಂಗ್ ಊರಿಗೆ ಹೋಗುತ್ತದೆ. ಅದಕ್ಕೇ ನಾವು ಎಸ್ 8ರಲ್ಲೇ ಬರೋಣ.

ದೊಡ್ಡಪ್ಪ, ಇದು ನಿಮಗೆ. ಮೂವತ್ತು ವರ್ಷ ಹಿಸ್ಟರಿ ಪಾಠ ಮಾಡಿದವರು ನೀವು, ಡಾಖಾವ್ ನೋಡಬೇಕು ಅಂತ ಫೋನಿನಲ್ಲಿ ಹೇಳಿದ್ದು ನೆನಪಿದೆ. 1933ರಲ್ಲಿ ನಾಜಿಗಳು ಜನರನ್ನು ಕೂಡಿಹಾಕಲು ಶುರು ಮಾಡಿದ ಸೆರೆ ಕ್ಯಾಂಪ್ ಅದು. ಪಾಸಿಂಗ್‌ನಿಂದ ಎಸ್ ರೈಲಿನಲ್ಲಿ ಲೈಮ್‌ಗೆ ಬಂದು ಎಸ್ 2ಕ್ಕೆ ಬದಲಿಸಿ, ಡಾಖಾವ್‌ನಲ್ಲಿ ಇಳಿದು 726 ನಂಬರ್ ಬಸ್ಸು. ಒಳಗೆ ಹೋಗಲು ಟಿಕೆಟ್ ಇಲ್ಲ. ಅಲ್ಲಿಗೆ ಮಾತ್ರ ನಾನೂ ಬರುತ್ತೇನೆ, ಒಂದು ದಿನ ರಜೆ ಹಾಕುತ್ತೇನೆ. ಅದನ್ನು ನೋಡಿ ಬಂದ ಮೇಲೆ ಮನಸ್ಸು ಭಾರವಾಗುತ್ತದೆ, ಜೊತೆಗೆ ಯಾರಾದರೂ ಇರಬೇಕು ಅನ್ನಿಸುತ್ತದೆ.

ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಪಾಸಿಂಗ್‌ನಿಂದ ಫ್ಯೂಸೆನ್ ರೈಲು, ಸುಮಾರು ಎರಡು ಗಂಟೆ, ಆಮೇಲೆ ಅರಮನೆ ಹಳ್ಳಿಯವರೆಗೆ ಬಸ್ಸು. ಎರಡಕ್ಕೂ ಪಾಸ್ ನಡೆಯುತ್ತದೆ. ಬಸ್ಸಿಳಿದ ಮೇಲೆ ಏರುದಾರಿ ಇದೆ, ಅರ್ಧ ಗಂಟೆಗೂ ಜಾಸ್ತಿ ಹತ್ತಬೇಕು. ಮಂಡಿ ನೋವು ಇದ್ದರೆ ಕುದುರೆಗಾಡಿ ಸಿಗುತ್ತದೆ. ಒಳಗೆ ಹೋಗುವ ಟಿಕೆಟ್ ಮೊದಲೇ ಬುಕ್ ಮಾಡಬೇಕು, ಮಾಡುತ್ತೇನೆ. 1869ರಲ್ಲಿ ಅದನ್ನು ಕಟ್ಟಿಸಲು ಶುರು ಮಾಡಿದ ರಾಜ ಎರಡನೇ ಲುಡ್ವಿಗ್ ಸತ್ತದ್ದು 1886ರ ಜೂನ್ 13ಕ್ಕೆ, ನಮ್ಮ ಎಸ್ 6 ರೈಲು ಹೋಗುವ ಸ್ಟಾರ್ನ್‌ಬರ್ಗ್ ಕೆರೆಯಲ್ಲಿ. ಹೇಗೆ ಅಂತ ಇವತ್ತಿಗೂ ಜನ ವಾದ ಮಾಡುತ್ತಾರೆ. ದೊಡ್ಡಪ್ಪನಿಗೆ ಇದು ಇಷ್ಟವಾಗುತ್ತದೆ ಅಂತ ಹೇಳಿದೆ.

ಸಾಲ್ಸ್‌ಬರ್ಗ್ ಆಸ್ಟ್ರಿಯಾ ದೇಶದಲ್ಲಿದ್ದರೂ ಅಲ್ಲಿನ ಮುಖ್ಯ ಸ್ಟೇಷನ್‌ವರೆಗೆ ಇದೇ ಪಾಸ್ ಸಾಕು. ಊರೊಳಗಿನ ಬಸ್ಸಿಗೆ ಮಾತ್ರ ಬೇರೆ ಟಿಕೆಟ್. ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ಪಾಸ್‌ಪೋರ್ಟ್ ಕೇಳುವುದು ಉಂಟು. ಗಾಬರಿ ಬೇಡ, ತೋರಿಸಿದರೆ ಆಯಿತು. ಆ ರೈಲು ಮ್ಯೂನಿಕ್‌ನ ದೊಡ್ಡ ಸ್ಟೇಷನ್ನಿನಿಂದ ಹೊರಡುತ್ತದೆ. ಅಲ್ಲಿ 5ರಿಂದ 10 ಮತ್ತು 27ರಿಂದ 36ನೇ ಪ್ಲಾಟ್‌ಫಾರ್ಮ್‌ಗಳು ಎರಡು ಪಕ್ಕದಲ್ಲಿ ತುಂಬ ಹಿಂದಕ್ಕಿವೆ, ಜೊತೆಗೆ ಕಟ್ಟಡದ ಕೆಲಸವೂ ನಡೆಯುತ್ತಿದೆ. ನಡೆಯಲು ಹದಿನೈದು ನಿಮಿಷ ಇಟ್ಟುಕೊಳ್ಳಿ.

ರೈಲು ತಡವೇ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ. ಊರ ಮಧ್ಯದ ಸುರಂಗ 1972ರ ಒಲಿಂಪಿಕ್ಸ್ ಹೊತ್ತಿಗೆ ಆದದ್ದು. ಹೆಚ್ಚುಕಡಿಮೆ ಎಲ್ಲ ಎಸ್ ರೈಲುಗಳೂ ಆ ಎರಡೇ ಹಳಿಗಳ ಮೇಲೆ ಹೋಗಬೇಕು. ಒಂದು ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. ಇನ್ನೊಂದು ಸುರಂಗದ ಕೆಲಸ 2017ರಿಂದ ನಡೆಯುತ್ತಲೇ ಇದೆ. ವಾರದ ಕೊನೆಗೆ ಕೆಲವೊಮ್ಮೆ ಹಳಿ ಕೆಲಸಕ್ಕೆ ರೈಲು ನಿಲ್ಲಿಸಿ ಬದಲಿಗೆ ಬಸ್ಸು ಬಿಡುತ್ತಾರೆ. ಬೋರ್ಡಿನಲ್ಲಿ ಅಥವಾ ಮೈಕಿನಲ್ಲಿ 'ಫೆಲ್ಟ್ ಔಸ್' ಅಂತ ಬಂದರೆ ಆ ರೈಲು ರದ್ದು. 'ಗ್ಲೈಸ್' ಅಂದರೆ ಪ್ಲಾಟ್‌ಫಾರ್ಮ್. ಈ ಎರಡು ಮಾತು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಏನಾದರೂ ತಿಳಿಯದಿದ್ದರೆ ಬೋರ್ಡಿನ ಫೋಟೋ ತೆಗೆದು ನನಗೆ ಕಳಿಸಿ, ಮೀಟಿಂಗ್‌ನಲ್ಲಿದ್ದರೂ ನೋಡುತ್ತೇನೆ.

ಭಾವ, ಅಕ್ಟೋಬರ್‌ನಲ್ಲಿ ನೀವು ನಾಲ್ಕು ಜನ ಮೂರೇ ದಿನಕ್ಕೆ ಬರುವುದಾದರೆ ನಿಮಗೆ ಬಾಯರ್ನ್ ಟಿಕೆಟ್ ವಾಸಿ. ಐದು ಜನರವರೆಗೆ ಒಂದೇ ಟಿಕೆಟ್, ಮ್ಯೂನಿಕ್ ಇರುವ ಇಡೀ ಬವೇರಿಯಾ ರಾಜ್ಯಕ್ಕೆ ಒಂದು ದಿನ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ಒಂಬತ್ತರ ನಂತರ ಮಾತ್ರ ನಡೆಯುತ್ತದೆ, ಅದು ನೆನಪಿರಲಿ.

ದೊಡ್ಡಮ್ಮ, ಇಬ್ಬರ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ನನಗೊಬ್ಬಳಿಗೇ ಕಳಿಸಿ, ಗ್ರೂಪಿಗೆ ಹಾಕಬೇಡಿ. ಹೆಸರು ಅದರಲ್ಲಿ ಇದ್ದ ಹಾಗೆಯೇ ಟಿಕೆಟ್ಟಿನಲ್ಲೂ ಬರಬೇಕು. ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಮನೆಗೆ ಬರುವಾಗ ರೈಲಿನ ಬಾಗಿಲ ಬಟನ್ ನೀವೇ ಒತ್ತಬೇಕು, ಆಯ್ತಾ?